ದೀಪ ಹಿಡಿದು ಕಾದಿದ್ದವರು: ಐಂಡ್‌ಹೋವನ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಗೂಢಚಾರಿಣಿಯಾಗಿದ್ದ, ಟಿಪ್ಪು ಸುಲ್ತಾನನ ವಂಶದವರಾದ ನೂರ್ ಇನಾಯತ್ ಖಾನ್ ಅವರ ಬಗ್ಗೆ ನೀನು ಬರೆದ ಪತ್ರ ತಲುಪಿತು. 1943ರ ಜೂನ್ ತಿಂಗಳ ರಾತ್ರಿಯೊಂದರಲ್ಲಿ ಅವರನ್ನು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಕರೆದೊಯ್ದು ಇಳಿಸಿದವರು ಯಾರೆಂದು ಕೇಳಿದ್ದೀಯೆ. ಅದು ಬ್ರಿಟಿಷ್ ವಾಯುಪಡೆಯ 161ನೇ ಸ್ಕ್ವಾಡ್ರನ್ನಿನ ಲೈಸಾಂಡರ್ ಎಂಬ ಪುಟ್ಟ ವಿಮಾನ. ಆ ಸ್ಕ್ವಾಡ್ರನ್ನಿನ ಜೊತೆಗೆ ಬೆಡ್‌ಫರ್ಡ್‌ಶೈರಿನ ಟೆಂಪ್ಸ್‌ಫರ್ಡ್ ನೆಲೆಯಲ್ಲಿ 138ನೇ ಸ್ಕ್ವಾಡ್ರನ್ ಕೂಡ ಇತ್ತು. ಅದರ ಹ್ಯಾಲಿಫ್ಯಾಕ್ಸ್ ಬಾಂಬರುಗಳು ನೀನು ಈಗ ವಾಸವಾಗಿರುವ ನೆದರ್‌ಲ್ಯಾಂಡ್ಸಿಗೆ ಹಾರುತ್ತಿದ್ದವು. ಆ ಬಾಂಬರುಗಳಲ್ಲಿ ಹೋಗಿ ಹಿಂತಿರುಗದವರ ವಿಷಯವನ್ನು ನಿನಗೆ ತಿಳಿಸಲೇಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಇವು ಬಾಂಬು ಹಾಕಲು ಹೋಗುತ್ತಿದ್ದ ವಿಮಾನಗಳಲ್ಲ. ಎಸ್‌ಒಇ ಎಂಬ ಬ್ರಿಟಿಷ್ ರಹಸ್ಯ ಸಂಸ್ಥೆಯ ಗೂಢಚಾರರನ್ನೂ, ಅವರಿಗೆ ಬೇಕಾದ ಆಯುಧ, ಸ್ಫೋಟಕ ಮತ್ತು ವಯರ್‌ಲೆಸ್ ಉಪಕರಣಗಳನ್ನು ತುಂಬಿದ ಲೋಹದ ಡಬ್ಬಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸುವುದು ಅವುಗಳ ಕೆಲಸವಾಗಿತ್ತು. ಕೆಳಗಿನ ನದಿ, ಕಾಲುವೆ, ಕಾಡಿನಂಚುಗಳನ್ನು ಕಣ್ಣಿನಿಂದಲೇ ಗುರುತಿಸಿ ದಾರಿ ಹಿಡಿಯಬೇಕಾದ್ದರಿಂದ ಹುಣ್ಣಿಮೆಯ ಹಿಂದುಮುಂದಿನ ರಾತ್ರಿಗಳಲ್ಲಿ ಮಾತ್ರ ಹೊರಡುತ್ತಿದ್ದರು. ದಾರಿ ತೋರಿಸುವ ಬೆಳದಿಂಗಳೇ ಶತ್ರುವಿನ ರಾತ್ರಿ ಕಾದಾಟದ ವಿಮಾನಗಳಿಗೆ ಇವರನ್ನೂ ತೋರಿಸಿಕೊಡುತ್ತಿತ್ತು. ಗೊತ್ತಾದ ಬಯಲು ಸಮೀಪಿಸಿದಂತೆ ವಿಮಾನವನ್ನು ಐದಾರುನೂರು ಅಡಿಗಳಿಗೆ ಇಳಿಸಿ, ವೇಗ ತಗ್ಗಿಸಿ, ನೆಲದ ಮೇಲೆ ಸಾಲಾಗಿ ಹಿಡಿದ ದೀಪಗಳನ್ನೂ ಸಂಕೇತಾಕ್ಷರ ಮಿನುಗಿಸುವ ಇನ್ನೊಂದು ದೀಪವನ್ನೂ ಹುಡುಕಬೇಕು. ಅಕ್ಷರ ಸರಿಯಾಗಿದ್ದರೆ ವಿಮಾನದ ತಳದ ರಂಧ್ರದಿಂದ ಗೂಢಚಾರ ಧುಮುಕುತ್ತಿದ್ದ. ಅವನ ಹೆಸರು ಕೂಡ ಸಿಬ್ಬಂದಿಗೆ ಗೊತ್ತಿರುತ್ತಿರಲಿಲ್ಲ. ಅವರ ಪಾಲಿಗೆ ಎಲ್ಲ ಪ್ರಯಾಣಿಕರೂ ‘ಜೋ’.

ನೆದರ್‌ಲ್ಯಾಂಡ್ಸಿನಲ್ಲಿ 1942ರ ಮಾರ್ಚ್ ಕೊನೆಯಿಂದ ಆ ದೀಪಗಳನ್ನು ಹಿಡಿದು ನಿಂತಿದ್ದವರು ಜರ್ಮನ್ನರು. ಆ ತಿಂಗಳ ಆರಂಭದಲ್ಲಿ ಹೇಗ್ ನಗರದಲ್ಲಿ ಹ್ಯೂಬ್ ಲೌವರ್ಸ್ ಎಂಬ ಎಸ್‌ಒಇಯ ವಯರ್‌ಲೆಸ್ ಗೂಢಚಾರ ಸಿಕ್ಕಿಬಿದ್ದಿದ್ದ. ಜರ್ಮನ್ ಸೇನಾ ಗುಪ್ತಚರ ದಳದ ಹರ್ಮನ್ ಗಿಸ್ಕಸ್ ಅವನ ಕೈಯಿಂದಲೇ ಲಂಡನ್ನಿಗೆ ಸಂದೇಶ ಕಳುಹಿಸತೊಡಗಿದ. ಪ್ರತಿ ಹದಿನಾರನೆಯ ಅಕ್ಷರದಲ್ಲಿ ಬೇಕೆಂದೇ ಒಂದು ತಪ್ಪು ಮಾಡಬೇಕು, ಅದು ಇಲ್ಲವೆಂದರೆ ತಾನು ಸೆರೆಯಲ್ಲಿದ್ದೇನೆಂದು ತಿಳಿಯಬೇಕು ಎಂದು ಲೌವರ್ಸನಿಗೂ ಲಂಡನ್ನಿಗೂ ಒಪ್ಪಂದವಾಗಿತ್ತು. ಅವನು ಆ ತಪ್ಪನ್ನು ಬಿಟ್ಟುಬಿಟ್ಟ, ತನ್ನ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿದ. ಲಂಡನ್ನಿನವರು ಅದನ್ನು ಕಡೆಗಣಿಸಿ, ಮುಂದಿನ ಗೂಢಚಾರನನ್ನು ಕಳುಹಿಸುವ ದಿನ ಮತ್ತು ಸ್ಥಳವನ್ನು ತಿಳಿಸಿದರು. ಹೀಗೆ ಐವತ್ತಕ್ಕೂ ಹೆಚ್ಚು ಗೂಢಚಾರರು ನೇರವಾಗಿ ಶತ್ರುವಿನ ಕೈಗೇ ಇಳಿದರು. ಅವರಲ್ಲಿ ಬಹುಪಾಲು ಜನರನ್ನು 1944ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಮೌಥೌಸೆನ್ ನಾಜಿ ಯಾತನಾ ಶಿಬಿರದಲ್ಲಿ ಕೊಂದರು.

ಗೂಢಚಾರರ ಕಥೆಯನ್ನು ಹಲವರು ಹೇಳಿದ್ದಾರೆ, ಅದು ಹೇಳಬೇಕಾದದ್ದೇ. ಆದರೆ ಅವರನ್ನು ಹೊತ್ತು ತಂದವರ ಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಡಬ್ಬಗಳು ಬೀಳುವವರೆಗೆ ವಿಮಾನಕ್ಕೆ ಯಾರೂ ತೊಂದರೆ ಕೊಡುತ್ತಿರಲಿಲ್ಲ. ಕೆಲಸ ಮುಗಿಸಿ ಮನೆಯತ್ತ ತಿರುಗಿದ ಮೇಲೆ, ಬಯಲಿನಿಂದ ಬಹು ದೂರದಲ್ಲಿ, ಮೊದಲೇ ಎಚ್ಚರಗೊಂಡಿದ್ದ ಜರ್ಮನ್ ವಿಮಾನಗಳು ಅದರ ಮೇಲೆ ಬೀಳುತ್ತಿದ್ದವು. ಇಳಿಸುವ ಸ್ಥಳದಲ್ಲೇ ಹೊಡೆದರೆ ಲಂಡನ್ನಿಗೆ ಅನುಮಾನ ಬರುತ್ತದೆ. ವಾಪಸಾಗುವಾಗ ಹೊಡೆದರೆ ಯುದ್ಧದಲ್ಲಿ ಆಗುವ ಸಾಮಾನ್ಯ ನಷ್ಟದಂತೆ ಕಾಣುತ್ತದೆ. ಎಲ್ಲ ವಿಮಾನಗಳನ್ನೂ ಉರುಳಿಸಲಿಲ್ಲ, ಏಕೆಂದರೆ ಆಟ ಮುಂದುವರಿಯಬೇಕಿತ್ತು. ಆದರೂ ಸುಮಾರು 12 ಬಾಂಬರುಗಳು ಹೋದವು. ಒಂದೊಂದರಲ್ಲಿ ಏಳೆಂಟು ಮಂದಿಯ ಸಿಬ್ಬಂದಿ. ದೀಪ ಸರಿಯಾಗಿತ್ತು, ಅಕ್ಷರ ಸರಿಯಾಗಿತ್ತು, ಕೆಲಸ ಚೆನ್ನಾಗಿ ಆಯಿತು ಎಂಬ ಸಮಾಧಾನದಲ್ಲೇ ಅವರು ಹಿಂತಿರುಗುತ್ತಿದ್ದಿರಬೇಕು.

ಮೋಸ ನಡೆಯುತ್ತಿದೆ ಎಂಬುದಕ್ಕೆ ಈ ನಷ್ಟಗಳೇ ಸಾಕ್ಷಿಯಾಗಿದ್ದವು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಸ್‌ಒಇಯಲ್ಲಿ ಸಂಕೇತಲಿಪಿಯ ಹೊಣೆ ಹೊತ್ತಿದ್ದ ಲಿಯೋ ಮಾರ್ಕ್ಸ್, ಡಚ್ ಗೂಢಚಾರರ ಸಂದೇಶಗಳಲ್ಲಿ ಮಾತ್ರ ಅವಸರದಿಂದಾಗುವ ಲಿಪಿಯ ತಪ್ಪುಗಳೇ ಇಲ್ಲವೆಂಬುದನ್ನು ಗಮನಿಸಿ, ಇಷ್ಟು ನೆಮ್ಮದಿಯಿಂದ ಕುಳಿತು ಬರೆಯುವುದು ಅವರಿಗೆ ಹೇಗೆ ಸಾಧ್ಯ ಎಂದು ಶಂಕಿಸಿದ್ದರು. ಅದನ್ನು ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೆದರ್‌ಲ್ಯಾಂಡ್ಸಿಗೆ ಹೋದ ವಿಮಾನಗಳೇ ಹೆಚ್ಚಾಗಿ ಕಾಣೆಯಾಗುತ್ತಿವೆ ಎಂದು ಕಂಡು 1943ರಲ್ಲಿ ಹಾರಾಟಗಳನ್ನು ತಡೆದದ್ದು ವಾಯುಪಡೆ. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಹಾರೆನ್ ಎಂಬ ಊರಿನ ಸೆರೆಮನೆಯಿಂದ, ಹೀಗೆ ಸಿಕ್ಕಿಬಿದ್ದಿದ್ದ ಗೂಢಚಾರರಾದ ಪೀಟರ್ ಡೌರ್ಲೈನ್ ಮತ್ತು ಬೆನ್ ಉಬ್ಬಿಂಕ್ ತಪ್ಪಿಸಿಕೊಂಡು ಸ್ವಿಟ್ಜರ್‌ಲ್ಯಾಂಡ್ ತಲುಪಿ ನಿಜವನ್ನು ತಿಳಿಸಿದರು. ಇಂಗ್ಲೆಂಡಿಗೆ ಬಂದ ಮೇಲೆ ಅವರನ್ನೇ ಅನುಮಾನಿಸಿ ಜೈಲಿನಲ್ಲಿಟ್ಟರು. ಯುದ್ಧಾನಂತರ ಡಚ್ ಸಂಸತ್ತಿನ ತನಿಖಾ ಆಯೋಗ, ಇದು ದ್ರೋಹವಲ್ಲ, ಗಂಭೀರವಾದ ತಪ್ಪುಗಳ ಫಲ ಎಂದಿತು. ನಾನೂ ಅದನ್ನು ಒಪ್ಪುತ್ತೇನೆ. ಆದರೆ ಒಂದೇ ದೇಶದ ದಾರಿಯಲ್ಲಿ ವಿಮಾನದ ಮೇಲೆ ವಿಮಾನ ಕಾಣೆಯಾಗುತ್ತಿದ್ದಾಗ ತಿಂಗಳುಗಟ್ಟಲೆ ಅದರ ಅರ್ಥ ಹುಡುಕದೆ ಇದ್ದುದನ್ನು ಕ್ಷಮಿಸಲು ನನ್ನಿಂದಾಗುವುದಿಲ್ಲ.

ಸಿಬ್ಬಂದಿಯ ತಂದೆತಾಯಿಗಳಿಗೆ ಮಗ ಕಾಣೆಯಾಗಿದ್ದಾನೆ ಎಂಬುದಷ್ಟೇ ತಿಳಿಯುತ್ತಿತ್ತು. ಎಲ್ಲಿಗೆ ಹೋಗಿದ್ದ, ಏಕೆ ಹೋಗಿದ್ದ ಎಂಬುದು ಗುಟ್ಟು. ಶವ ಸಿಗದವರ ಹೆಸರುಗಳು ಲಂಡನ್ ಬಳಿಯ ರನ್ನಿಮೀಡ್ ಸ್ಮಾರಕದಲ್ಲಿ, 20,000ಕ್ಕೂ ಹೆಚ್ಚು ವಾಯುಯೋಧರ ನಡುವೆ ಸೇರಿಹೋಗಿವೆ. ನೂರ್ ಅವರ ಹೆಸರೂ ಅಲ್ಲಿದೆ.

ಶವ ಸಿಕ್ಕವರು ನಿನ್ನ ಸುತ್ತಮುತ್ತಲ ಸ್ಮಶಾನಗಳಲ್ಲೂ ಮಲಗಿರಬಹುದು. ಹಾರೆನ್ ನಿನ್ನ ಐಂಡ್‌ಹೋವನ್ನಿನಿಂದ ದೂರವಿಲ್ಲ; ಆ ಕಡೆ ಹೋದಾಗ ದಾರಿಯ ಹಳ್ಳಿಗಳ ಚರ್ಚುಗಳ ಅಂಗಳವನ್ನೂ ನೋಡು. ಬ್ರಿಟಿಷ್ ವಾಯುಪಡೆಯ ಬಿಳಿಗಲ್ಲುಗಳ ಮೇಲೆ ಹೆಸರು, ಹುದ್ದೆ, ದಿನಾಂಕಗಳಿರುತ್ತವೆ. ಒಂದೇ ದಿನಾಂಕದ ಏಳೆಂಟು ಕಲ್ಲುಗಳು ಒಟ್ಟಿಗೆ ಕಂಡರೆ ಅದು ಬಹುಶಃ ಒಂದೇ ವಿಮಾನದ ತಂಡ. 1942 ಅಥವಾ 1943ರ ಹುಣ್ಣಿಮೆಯ ಆಸುಪಾಸಿನ ದಿನಾಂಕವೇನಾದರೂ ಸಿಕ್ಕಿದರೆ ಬರೆದು ಕಳುಹಿಸು. ಅವರು ಯಾವ ಸ್ಕ್ವಾಡ್ರನ್ನಿನವರು ಎಂದು ನಾನಿಲ್ಲಿ ಹುಡುಕುತ್ತೇನೆ.

ನಿನ್ನ ಗೆಳೆಯ