ಅರ್ಧ ಕಿಲೋ ಟೊಮೆಟೊ ಮತ್ತು ಆಗಮ ಸಂಧಿ

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ಫ್ರಾನ್ಸಿನ ಲಿಯಾನ್‌ನಲ್ಲಿ ನಾನು ಕ್ಷೇಮ. ಧಾರವಾಡದಲ್ಲಿ, ನಮ್ಮ ಮಾಳಮಡ್ಡಿಯ ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ.

“ಎಂಟು ತಿಂಗಳಾಯಿತು, ಇನ್ನೂ ಫ್ರೆಂಚ್ ಬರಲಿಲ್ಲವೇ?” ಎಂದು ಅವ್ವ ಪ್ರತಿ ರವಿವಾರ ಕೇಳುತ್ತಾಳೆ. ಓದಲು ಬರುತ್ತದೆ, ಬರೆಯಲು ಅರ್ಧಮರ್ಧ ಬರುತ್ತದೆ. ಕಿವಿಗೆ ಮಾತ್ರ ಹತ್ತುತ್ತಿಲ್ಲ. ಫೋನಿನಲ್ಲಿ ಇದನ್ನು ವಿವರಿಸುವಷ್ಟರಲ್ಲಿ ಅವಳ ಕುಕ್ಕರ್ ಕೂಗುತ್ತದೆ. ನೀವು ಮೂವತ್ತು ವರ್ಷ ವ್ಯಾಕರಣ ಕಲಿಸಿದವರು, ಅದಕ್ಕೇ ನಿಮಗೆ ಪತ್ರ.

ನಮ್ಮಲ್ಲಿ ಮನುಷ್ಯರು, ದೇವರು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ನಪುಂಸಕಲಿಂಗ. ಇಲ್ಲಿ ನಪುಂಸಕವೇ ಇಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು. ಶಾಲೆಯಲ್ಲಿ ಕಲಿತ ಹಿಂದಿ ನೆರವಾದೀತೆಂದರೆ ಅಲ್ಲಿ ಪುಸ್ತಕ ಹೆಣ್ಣು! ‘ಲಿವ್ರ್’ ಎಂಬ ಪದ ಗಂಡಾದರೆ ಪುಸ್ತಕ, ಹೆಣ್ಣಾದರೆ ಅರ್ಧ ಕಿಲೋ. ಸಂತೆಯಲ್ಲಿ ‘ಯೂನ್ ಲಿವ್ರ್’ ಎನ್ನುವ ಬದಲು ‘ಅಂ ಲಿವ್ರ್’ ಎಂದು ಒಂದು ಟೊಮೆಟೊ ಪುಸ್ತಕ ಕೇಳಿದೆ. ಕಾಯಿಪಲ್ಯ ಮಾರುವವಳು ನಕ್ಕಳು, ತೂಕ ಮಾತ್ರ ಸರಿಯಾಗಿ ಕೊಟ್ಟಳು. ಲಿಂಗ ತಪ್ಪಿದರೂ ಅಡುಗೆ ನಿಲ್ಲುವುದಿಲ್ಲವಲ್ಲ ಎಂದು ಆ ಚಿಂತೆ ಬಿಟ್ಟಿದ್ದೇನೆ. ಗಂಡಾದರೆ ‘ಲ’, ಹೆಣ್ಣಾದರೆ ‘ಲಾ’ ಸೇರಿಸಿಯೇ ಪದಗಳನ್ನು ಬಾಯಿಪಾಠ ಮಾಡುತ್ತೇನೆ.

ಕಷ್ಟವಿರುವುದು ಕೇಳುವುದರಲ್ಲಿ. ಪದದ ಕೊನೆಯ ವ್ಯಂಜನ ಬಹುಪಾಲು ಬರೆಯುವುದಕ್ಕಷ್ಟೇ, ಉಚ್ಚರಿಸುವುದಕ್ಕಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ಮಾತ್ರ ಸತ್ತ ಅಕ್ಷರ ಎದ್ದು ಕೂರುತ್ತದೆ. ‘ಲೇ’, ‘ಆಮಿ’ ಸೇರಿದರೆ ‘ಲೇ’ಯ ಕೊನೆಗೆ ಬರೆದಿರುವ ಸಕಾರ ಜಕಾರವಾಗಿ ಎದ್ದು ‘ಲೇಜಾಮಿ’, ಅಂದರೆ ಗೆಳೆಯರು. ‘ಜಾಮಿ’ ಎಂಬ ಪದವನ್ನು ನಿಘಂಟಿನಲ್ಲಿ ಎರಡು ದಿನ ಹುಡುಕಿದೆ ಅಪ್ಪಾ! ಆಮೇಲೆ ನಿಮ್ಮ ಪಾಠ ನೆನಪಾಯಿತು: ಮನೆ, ಅನ್ನು ಸೇರಿ ‘ಮನೆಯನ್ನು’. ಅಲ್ಲಿ ಯಕಾರ, ಇಲ್ಲಿ ಜಕಾರ. ಆಗಮ ಸಂಧಿ! (ಇದು ಆಗಮವಲ್ಲ, ಅಡಗಿದ್ದದ್ದು ಹೊರಬಂದಿದೆ ಎಂದು ನೀವು ತಿದ್ದುತ್ತೀರಿ, ಗೊತ್ತು.) ಆ ಜಕಾರವನ್ನು ಸಕಾರವೆಂದು ಕೇಳಿಸಿಕೊಂಡರೆ ಕೆಟ್ಟಿತು. ‘ಇಲ್ ಜೋಂ’ ಎಂದರೆ ಅವರ ಬಳಿ ಇದೆ. ‘ಇಲ್ ಸೋಂ’ ಎಂದರೆ ಅವರು ಇದ್ದಾರೆ.

ಇನ್ನು ಎಣಿಕೆ. 70ಕ್ಕೆ ಅರವತ್ತು-ಹತ್ತು, 80ಕ್ಕೆ ನಾಲ್ಕು-ಇಪ್ಪತ್ತು, 99ಕ್ಕೆ ನಾಲ್ಕು-ಇಪ್ಪತ್ತು-ಹತ್ತು-ಒಂಬತ್ತು. ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಹೇಳುತ್ತಾರೆ. ನಳ ರಿಪೇರಿಯವನು ‘ಅರವತ್ತು’ ಎಂದೊಡನೆ 60 ಬರೆದೆ. ಹಿಂದೆಯೇ ‘ಹತ್ತು-ಏಳು’ ಬಂತು. ಹೊಡೆದುಹಾಕಿ 77 ಬರೆಯುವಷ್ಟರಲ್ಲಿ ಮುಂದಿನ ಜೋಡಿ ಹಾರಿಹೋಗಿತ್ತು. ನಳ ಇನ್ನೂ ಸೋರುತ್ತಿದೆ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ 70ಕ್ಕೆ ನೆಟ್ಟಗೆ ‘ಸೆಪ್ತಾಂತ್’ ಎನ್ನುತ್ತಾರೆ, ಪುಣ್ಯವಂತರು.

‘ನನಗೆ ಗೊತ್ತಿಲ್ಲ’ ಎನ್ನಲು ತರಗತಿಯಲ್ಲಿ ‘ಜ ನ ಸೇ ಪಾ’ ಎಂದು ಕಲಿಸಿದರು. ಕಚೇರಿಯಲ್ಲಿ ಎಲ್ಲರೂ ‘ಶೇ ಪಾ’ ಎಂದು ಮುಗಿಸುತ್ತಾರೆ. ಮೊದಲು ಸಿಟ್ಟು ಬಂತು. ಆದರೆ ನಾವೇನು ಪತ್ರದಲ್ಲಿ ಬರೆಯುವಂತೆ ಮಾತನಾಡುತ್ತೇವೆಯೇ? ವೈನಿ ಮೈಸೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಅವ್ವ ಮತ್ತು ಅತ್ತೆ ಮಾತಿಗಿಳಿದರೆ ಒಂದೂ ತಿಳಿಯದೆ ಎಲ್ಲದಕ್ಕೂ ನಗುತ್ತಾ ಕೂರುತ್ತಿದ್ದರು. ನಾನು ಅದನ್ನು ಅಣಕಿಸಿ ತೋರಿಸುತ್ತಿದ್ದೆ. ಈಗ ಊಟದ ಮೇಜಿನಲ್ಲಿ ನಾನೂ ಅದೇ ನಗೆ ಹೊತ್ತು ಕೂರುತ್ತೇನೆ. ಇಷ್ಟನ್ನು ವೈನಿಗೆ ಓದಿ ಹೇಳಿ. ಅಣ್ಣನ ಎದುರಿಗೆ ಬೇಡ.

ಶೇಂಗಾ ಹಿಂಡಿ ಮುಗಿಯುತ್ತಾ ಬಂತೆಂದು ಅವ್ವನಿಗೆ ತಿಳಿಸಿ.

ಇತಿ,
ನಿಮ್ಮ ಮಗಳು