ಹಾಸ್ಟೆಲಿಗೆ ಎ.ಸಿ.ಗಿಂತ ಮೊದಲು ಮಾಳಿಗೆಗೆ ಸುಣ್ಣ ಬೇಕು

ಮಾನ್ಯರೇ,

ಬಿಸಿಲು 42 ಡಿಗ್ರಿ ದಾಟಿದೊಡನೆ ಕಲಬುರಗಿಯ ಕಾಲೇಜು ಹಾಸ್ಟೆಲುಗಳಲ್ಲಿ ಎ.ಸಿ. ಬೇಕೆಂಬ ಕೂಗು ಏಳುತ್ತದೆ. ಮಕ್ಕಳು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಒಂದೂವರೆ ಟನ್ನಿನ ಒಂದು ಎ.ಸಿ.ಗೆ ಸುಮಾರು 1,500 ವಾಟ್ ಬೇಕು. 50 ಕೋಣೆಗೆ 75 ಕಿಲೋವಾಟ್. ಅದೇ 50 ಫ್ಯಾನಿಗೆ 4 ಕಿಲೋವಾಟ್ ಸಾಕು. ಫ್ಯಾನು, ದೀಪಕ್ಕೆಂದು ಎಳೆದ ವೈರಿಂಗ್ ಆ ಹೊರೆ ತಾಳುವುದಿಲ್ಲ. ಹೊಸ ಕೇಬಲ್, ವಿದ್ಯುತ್ ಕಂಪನಿ ಜೆಸ್ಕಾಂನಿಂದ ಹೆಚ್ಚಿನ ಲೋಡ್ ಮಂಜೂರಾತಿ, ಬೇರೆ ಟ್ರಾನ್ಸ್‌ಫಾರ್ಮರ್ ಇಷ್ಟೆಲ್ಲ ಆಗುವವರೆಗೆ ಮಕ್ಕಳು ಬೇಯುತ್ತ ಕೂರಬೇಕಿಲ್ಲ. ಮುಂದಿನ ಬೇಸಿಗೆಯೊಳಗೆ ಮಾಡಬಹುದಾದ ಕೆಲಸಗಳಿವೆ. ಅವುಗಳಲ್ಲಿ ಮೊದಲನೆಯದು ಮಾಳಿಗೆಯದು, ಅಂದರೆ ತಾರಸಿಯದು.

ಮೇಲಿನ ಅಂತಸ್ತಿನವರಿಗೆ ಮಧ್ಯಾಹ್ನಕ್ಕಿಂತ ರಾತ್ರಿಯೇ ಹೆಚ್ಚು ಸಂಕಟ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಮೇಲಿನ ಕಾವು ಕೆಳಗಿನ ಮೈಗೆ ಇಳಿಯಲು ಮೂರು–ನಾಲ್ಕು ಗಂಟೆ ಬೇಕು. ಹೀಗಾಗಿ ಹೊರಗೆ ತಂಪು ಇಳಿಯುವ ಹೊತ್ತಿಗೇ ಒಳಗೆ ಛತ್ತು ಒಲೆಯ ಮೇಲಿನ ಹಂಚಿನಂತೆ ಕಾಯ್ದಿರುತ್ತದೆ. ಅದರ ಕೆಳಗೆ ತಿರುಗುವ ಫ್ಯಾನು ಆ ಬಿಸಿಗಾಳಿಯನ್ನೇ ಮಂಚಕ್ಕೆ ದೂಡುತ್ತದೆ. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಮಾಳಿಗೆ ಈ ಕಾವನ್ನು ಮೇಲೆಯೇ ತಡೆಯುತ್ತಿತ್ತು. ಸ್ಲ್ಯಾಬಿಗೆ ಆ ಗುಣವಿಲ್ಲ, ಆದ್ದರಿಂದ ಬಿಸಿಲು ಅದರೊಳಗೆ ಇಳಿಯದಂತೆ ಮೇಲೆಯೇ ತಿರುಗಿಸಬೇಕು. ಅದಕ್ಕೆ ಬಿಳಿ ಬಣ್ಣ.

ದುಬಾರಿ ಕೂಲ್ ರೂಫ್ ಪೇಂಟಿಗೆ ಹಣವಿಲ್ಲದಿದ್ದರೆ ಸುಣ್ಣವೇ ಸಾಕು. ಹತ್ತು ಕಿಲೋ ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಬಳಿಯುವ ಮುಂಚೆ ಎರಡು ಕಿಲೋ ಬಿಳಿ ಸಿಮೆಂಟು, ಅರ್ಧ ಕಿಲೋ ಫೆವಿಕಾಲ್ ಕೂಡಿಸಬೇಕು. ಸಿಮೆಂಟು ಬೆರೆಸಿದ ಮೇಲೆ ಗಟ್ಟಿಯಾಗತೊಡಗುತ್ತದೆ, ಹಾಗಾಗಿ ಒಂದು ತಾಸಿನಲ್ಲಿ ಮುಗಿಯುವಷ್ಟನ್ನೇ ಕಲಸಬೇಕು. ಮಾಳಿಗೆಯನ್ನು ತಂತಿ ಬ್ರಷ್‌ನಿಂದ ತಿಕ್ಕಿ ತೊಳೆದು, ಬಿರುಕು ತುಂಬಿ, ಒದ್ದೆ ಇರುವಾಗಲೇ ಬಳಿಯಬೇಕು. ಎಷ್ಟೋ ಕಡೆ ಕೆಡುವುದು ಇಲ್ಲೇ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಸ್ಲ್ಯಾಬಿನ ಮೇಲೆ ಬಳಿದರೆ ನೀರು ಕ್ಷಣದಲ್ಲಿ ಆವಿಯಾಗಿ, ಸುಣ್ಣ ಹಿಡಿಯದೆ ಪುಡಿ ಉದುರುತ್ತದೆ. ಸಂಜೆ ನಾಲ್ಕರ ನಂತರ ಬಳಿದು, ಮರುದಿನ ನೀರು ಚಿಮುಕಿಸಿ, ಎರಡನೆಯ ಮತ್ತು ಮೂರನೆಯ ಕೋಟು ಕೊಡಬೇಕು. ಕೈಗವಸು, ಕನ್ನಡಕ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಹಚ್ಚಬಾರದು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಧೂಳು ಕೂತರೆ ಬಿಳುಪಿನ ಗುಣ ಇಳಿಯುತ್ತದೆ, ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಮಳೆಗಾಲ ಕಳೆದ ಮೇಲೆ ಮತ್ತೆ ಬಳಿಯಬೇಕು. ಪಕ್ಕದ ತೆಲಂಗಾಣ 2023ರಲ್ಲಿಯೇ ಕೂಲ್ ರೂಫ್ ನೀತಿ ತಂದಿದೆ. ಅಲ್ಲಿಗಿಂತ ಇಲ್ಲಿನ ಬಿಸಿಲೇನು ಕಡಿಮೆಯಲ್ಲ.

ಫ್ಯಾನಿನ ವಿಷಯ. ನಿಧಾನ ತಿರುಗುವ ಫ್ಯಾನನ್ನು ಬದಲಿಸುವ ಮುಂಚೆ ಕೆಪಾಸಿಟರ್ ನೋಡಿ. ಹೆಚ್ಚಿನವಕ್ಕೆ 2.5 ಮೈಕ್ರೋಫ್ಯಾರಡ್‌ನದು ಬೇಕು. ಮೇನ್ ಸ್ವಿಚ್ ಆಫ್ ಮಾಡಿ ಬದಲಿಸಿದರೆ ಹತ್ತು ನಿಮಿಷದ ಕೆಲಸ. ವೋಲ್ಟೇಜ್ ಇಳಿಯುವ ಕಟ್ಟಡಗಳಿಗೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿ.ಸಿ. ಮೋಟರಿನ) ಫ್ಯಾನು ಒಳ್ಳೆಯದು, 30 ವಾಟಿನ ಆಸುಪಾಸಿನಲ್ಲಿ ಓಡುತ್ತದೆ, ವೇಗವೂ ಅಷ್ಟಾಗಿ ಕುಗ್ಗುವುದಿಲ್ಲ. ಕೋಣೆಯೊಳಗೇ 40 ಡಿಗ್ರಿ ದಾಟಿದಾಗ ಮಾತ್ರ ಫ್ಯಾನನ್ನು ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆಗ ಅದು ಮೈಗೆ ಕಾವನ್ನೇ ಸೇರಿಸುತ್ತದೆ. ಅಂಥ ಮಧ್ಯಾಹ್ನಗಳಲ್ಲಿ ಮಕ್ಕಳನ್ನು ಕೆಳ ಅಂತಸ್ತಿನ ಕೂಲರ್ ಇರುವ ಹಾಲ್‌ಗೆ ಕಳಿಸಬೇಕು.

ಕೂಲರ್ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ್ದು. 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವ ಶೇ 20ರಷ್ಟಿದ್ದರೆ, ಸರಿಯಾಗಿ ಕೂಡಿಸಿದ ಕೂಲರ್‌ನಿಂದ 28–30 ಡಿಗ್ರಿಯ ಗಾಳಿ ಬರುತ್ತದೆ. ಆದರೆ ಅದನ್ನು ಕೋಣೆಯ ನಡುವೆ ಇಟ್ಟು ಬಾಗಿಲು ಹಾಕಿದರೆ ತೇವ ಒಳಗೇ ತುಂಬಿ, ಅರ್ಧ ತಾಸಿನಲ್ಲಿ ಬೆವರು ಆರದಂತಾಗುತ್ತದೆ. ಕೂಲರ್‌ನ ಹಿಂಬದಿಯು ಕಿಟಕಿಯಿಂದ ಹೊರಗಿರಬೇಕು, ಎದುರಿನ ಬಾಗಿಲೋ ವೆಂಟಿಲೇಟರೋ ತೆರೆದಿರಬೇಕು. ಗಡಸು ಬೋರ್ ನೀರಿನಿಂದ ಕೂಲರ್ ಹುಲ್ಲಿನಲ್ಲಿ ಉಪ್ಪು ಕಟ್ಟಿ, ಹುಲ್ಲು ಒಣಗಿದ ಕಡೆ ಬಿಸಿಗಾಳಿ ನೇರ ನುಗ್ಗುತ್ತದೆ. ಆದ್ದರಿಂದ ಹುಲ್ಲನ್ನು ಪ್ರತಿ ವರ್ಷ ಬದಲಿಸಬೇಕು. ವಾರಕ್ಕೊಮ್ಮೆ ಟ್ಯಾಂಕ್ ಬರಿದು ಮಾಡಿ ಉಜ್ಜಿ ಒಣಗಿಸದಿದ್ದರೆ ಡೆಂಗಿ ಸೊಳ್ಳೆ ಬೆಳೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ತಗಡಿನ ಕೂಲರ್‌ಗೆ ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತಿಂಗ್ ಮತ್ತು ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಬಳಸಲು ಬಿಡಲೇಬಾರದು. ನೀರು, ತಗಡು, ಕರೆಂಟು ಕೂಡಿದಲ್ಲಿ ಜೀವ ಹೋಗುತ್ತದೆ. ಚಾಲೂ ಇರುವಾಗ ನೀರು ಹಾಕಬಾರದೆಂದು ಪ್ರತಿ ಕೂಲರ್ ಮೇಲೆ ಬರೆಸಿ.

ಸಣ್ಣ ಕೂಲರ್ ಕೂಡ ತಾಸಿಗೆ ಹಲವು ಲೀಟರ್ ನೀರು ಕುಡಿಯುತ್ತದೆ. ನೀರಿನ ತಾಪತ್ರಯ ಇರುವ ಹಾಸ್ಟೆಲಿನಲ್ಲಿ ಕೋಣೆಗೊಂದು ಕೂಲರ್ ಆಗದ ಮಾತು. ಓದುವ ಹಾಲ್‌ಗೆ ದೊಡ್ಡವು ಎರಡು ಇದ್ದರೆ ಸಾಕು.

ಕೂಲರ್ ಇಲ್ಲದ ಕೋಣೆಗಳ ಕಿಟಕಿಗಳನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮುಚ್ಚಿ, ರಾತ್ರಿಯಿಡೀ ತೆರೆದಿಡಬೇಕು. ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಭದ್ರತೆಯ ನೆಪದಲ್ಲಿ ಕಿಟಕಿಗೆ ಪ್ಲೈವುಡ್ ಹೊಡೆದಿರುವುದು ಅನ್ಯಾಯ. ಗಟ್ಟಿ ಗ್ರಿಲ್ಲು, ಸೊಳ್ಳೆಜಾಲಿ, ಒಳಗೊಂದು ಪರದೆ ಹಾಕಿದರೆ ಭದ್ರತೆಯೂ ಉಳಿಯುತ್ತದೆ, ಗಾಳಿಯೂ ಬರುತ್ತದೆ. ವರಾಂಡದ ತುದಿಗೆ 18 ಇಂಚಿನ ಎಗ್ಸಾಸ್ಟ್ ಫ್ಯಾನು ಹಚ್ಚಿ ರಾತ್ರಿ ಓಡಿಸಿದರೆ ಹೊರಗಿನ ತಂಪು ತಾನಾಗಿ ಒಳಬರುತ್ತದೆ. ಮಾಳಿಗೆಯ ಕರಿ ಸಿಂಟೆಕ್ಸ್‌ಗಳಿಗೂ ಬಿಳಿ ಬಣ್ಣ ಬಳಿದು ನೆರಳು ಮಾಡಬೇಕು, ಇಲ್ಲದಿದ್ದರೆ ಸಂಜೆ ಸ್ನಾನಕ್ಕೆ ಸುಡುನೀರೇ ಗತಿ. ಕುಡಿಯಲು ಪ್ರತಿ ಅಂತಸ್ತಿಗೆ ಎರಡು ಮಣ್ಣಿನ ಹರವಿ, ಕಚೇರಿಯಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ಯಾರಾದರೂ ಸುಡುವ ಮೈಯೊಂದಿಗೆ ತೊದಲಿದರೆ, ತಬ್ಬಿಬ್ಬಾದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ಸರ್ಕಾರ ಹಾಸ್ಟೆಲುಗಳ ಕಡೆಗೂ ನೋಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಾಗಲಿ, ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳಾಗಲಿ ಡಿಸೆಂಬರಿನಲ್ಲಿ ಅಂದಾಜುಪಟ್ಟಿ ತರಿಸಿಕೊಂಡು, ಫೆಬ್ರುವರಿ ಮುಗಿಯುವುದರೊಳಗೆ ಮೊದಲು ಮೇಲಂತಸ್ತಿನ ಮಾಳಿಗೆಗಳನ್ನೂ ಅರ್ತಿಂಗನ್ನೂ ಮುಗಿಸಬೇಕೆಂದು ವಿನಂತಿ.

– ವಿದ್ಯಾರ್ಥಿನಿಲಯಗಳ ಕಟ್ಟಡ ಮತ್ತು ವಿದ್ಯುತ್ ದುರಸ್ತಿ ಕೆಲಸಗಾರರು, ಕಲಬುರಗಿ