ಭಾನುವಾರ ಲೈಟು–ಸೌಂಡ್ ತಾಲೀಮು: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಗ್ಗೆ 10ಕ್ಕೆ ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಘೋಸ್ಟ್ಸ್’ (1881) ಟೆಕ್ನಿಕಲ್ ತಾಲೀಮು. ಲೈಟು, ಸೌಂಡು, ಸೆಟ್‌ನವರು 9ಕ್ಕೇ ಬನ್ನಿ. ಪಾತ್ರಧಾರಿಗಳೂ ಬರಲೇಬೇಕು, ಆದರೆ ಅವತ್ತು ಪೂರ್ತಿ ಮಾತು ಓಡಿಸುವುದಿಲ್ಲ, ಬರೀ ಕ್ಯೂ (ಲೈಟು, ಸೌಂಡು ಬದಲಾಗುವ ಸೂಚನೆಗಳು).

ಮೊದಲ ಅಂಕದ ಕೊನೆಗೆ ಹೆಚ್ಚು ಹೊತ್ತು ಬೇಕು. ಊಟದ ಕೋಣೆಯೊಳಗಿನದು ಪ್ರೇಕ್ಷಕರಿಗೆ ಕಾಣಬಾರದು. ಕುರ್ಚಿ ಬಿದ್ದ ಸದ್ದು, ಮನೆಗೆಲಸದ ರೆಗೀನಾಳ ಪಿಸುದನಿ, ಅಷ್ಟೇ. ಕೆಲಸದವಳನ್ನು ಕೆಣಕುವ ಸತ್ತ ಗಂಡನ ಚಾಳಿ ಮಗ ಆಸ್ವಾಲ್ಡ್‌ಗೂ ಬಂದಿದೆ ಅಂತ ಶ್ರೀಮತಿ ಆಲ್ವಿಂಗ್‌ಗೆ ಗೊತ್ತಾಗುವುದು ಕಿವಿಯಿಂದಲೇ. ಕುರ್ಚಿ ನಿಜವಾಗಿಯೇ ಬೀಳಲಿ, ರೆಕಾರ್ಡಿಂಗ್ ಬೇಡ. ಸದ್ದಾದ ಮೇಲೆ ರಂಗದ ಮೇಲೆ ಯಾರೂ ಒಂದು ಕ್ಷಣ ಅಲ್ಲಾಡಬೇಡಿ.

ಮಳೆ ಸೌಂಡ್ ತಗ್ಗಿಸಿ, ಮಾತು ಮುಳುಗುತ್ತಿದೆ.

ಮೂರನೇ ಅಂಕಕ್ಕೆ ಮೇಜಿನ ದೀಪ, ಹಿಂದೆ ಉರಿದ ಅನಾಥಾಲಯದ ಮಂದ ಕೆಂಪು. ತಾಯಿ ದೀಪ ಆರಿಸಿದ ಮೇಲೆ ಸೂರ್ಯೋದಯ. ಆಸ್ವಾಲ್ಡ್ ಬೆಳಕಿಗೆ ಬೆನ್ನು ಹಾಕಿಯೇ ‘ಸೂರ್ಯ’ ಬೇಕು ಅಂತ ಕೇಳುತ್ತಾನೆ, ಹಾಗಾಗಿ ಅವನ ಮುಖಕ್ಕೆ ಸ್ಪಾಟ್ ಬೇಡವೇ ಬೇಡ. ಈ ಬೆಳಗು ನೋಡುವವರಿಗೆ ಸಮಾಧಾನ ಕೊಡಬಾರದು, ಹೊಟ್ಟೆ ಹಿಂಡಬೇಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ತಿಂಡಿಗೆ ಲೆಕ್ಕ ಬೇಕು. ಹಳೇ ಮರದ ಕುರ್ಚಿ ಇದ್ದವರು ದಯವಿಟ್ಟು ತಿಳಿಸಿ.